ಮೂವತ್ತೆಂಟು ಪೈಪು ಕೆರೆ ಮಣ್ಣು

ಆ ವಿಶ್ವವಿದ್ಯಾಲಯದಲ್ಲಿ ಅವಳನ್ನು ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಕೆಸರು ಮೇಡಂ ಎನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಬೇಜಾರು ಮಾಡಿಕೊಂಡಿರಲಿಲ್ಲ, ಯಾಕೆಂದರೆ ಹೆಸರಿಟ್ಟವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಸಸ್ಯಶಾಸ್ತ್ರ ವಿಭಾಗದ ಹಿಂದಿನ ಕೋಣೆಯಲ್ಲಿ, ಎರಡು ಕಬ್ಬಿಣದ ರ‍್ಯಾಕುಗಳ ಮೇಲೆ, ಮೂವತ್ತೆಂಟು ಪ್ಲಾಸ್ಟಿಕ್ ಪೈಪುಗಳಲ್ಲಿ ಅವಳು ಕೆಸರು ತುಂಬಿಟ್ಟಿದ್ದಳು. ಒಂದೊಂದು ಪೈಪೂ ಒಂದು ಗಜ ಉದ್ದ. ಎರಡೂ ತುದಿಗೆ ಮುಚ್ಚಳ, ಮುಚ್ಚಳದ ಮೇಲೆ ಮೇಣ, ಒಂದು ತುದಿಯಲ್ಲಿ ಕೆಂಪು ಬಣ್ಣದ ಪಟ್ಟೆ. ಅವಳ ಜೀವಮಾನದ ಕೆಲಸ ಅಂತ ಏನಾದರೂ ಇದ್ದರೆ ಅದು ಅಷ್ಟೇ.

ಅದು ಊರ ಕೆರೆಯ ತಳದ ಮಣ್ಣು. ಹೂವಿನ ಪರಾಗ ಗಾಳಿಯಲ್ಲಿ ಹಾರಿ ಬಂದು ನೀರಿನ ಮೇಲೆ ಬೀಳುತ್ತದೆ, ಮುಳುಗುತ್ತದೆ, ಅದರ ಮೇಲೆ ಹೂಳು ಕೂರುತ್ತದೆ. ಸಾವಿರ ವರ್ಷವಾದರೂ ಆ ಕಣದ ಚಿಪ್ಪು ಕೊಳೆಯುವುದಿಲ್ಲ. ಒಂದು ಬೆರಳಗಲದ ಮಣ್ಣಿನಲ್ಲಿ ಒಂದು ತಲೆಮಾರಿನ ಗಿಡಮರಗಳೆಲ್ಲ ಹಾಜರಿ ಹಾಕಿರುತ್ತವೆ. ಕೆಳಗಿನಿಂದ ಮೇಲಕ್ಕೆ ಪದರ ಪದರವಾಗಿ ಬಿಡಿಸಿ ಸೂಕ್ಷ್ಮದರ್ಶಕದಡಿ ನೋಡಿದರೆ ಆ ಕೆರೆಯ ಸುತ್ತ ಯಾವಾಗ ಕಾಡಿತ್ತು, ಯಾವಾಗ ಕಡಿದರು, ಯಾವಾಗ ಹೊಲ ಮಾಡಿದರು ಎಲ್ಲ ಗೊತ್ತಾಗುತ್ತದೆ. ಷರತ್ತು ಒಂದೇ: ಪದರಗಳು ಕಲಸಿಹೋಗಬಾರದು. ಕಲಸಿಹೋದರೆ ಅದು ಬರೀ ಮಣ್ಣು.

ಆ ಪೈಪುಗಳನ್ನು ಕೆರೆಗೆ ಇಳಿಸಿದವನು ಅವಳ ಅಪ್ಪ. ಊರಿಗೆ ನೀರು ಬಿಡುವ ಕಚೇರಿಯಲ್ಲಿ ನಲವತ್ತು ವರ್ಷ ಪ್ಲಂಬರ್ ಆಗಿದ್ದವನು. ಆ ಊರಲ್ಲಿ ಅವನು ಸ್ಪ್ಯಾನರ್ ಹಾಕದ ನಲ್ಲಿ ಇರಲಿಲ್ಲ. ಕೆರೆಯ ತಳದ ಮಣ್ಣು ತೆಗೆಯಲು ಸರಿಯಾದ ಉಪಕರಣ ಕೊಡಿಸಿ ಎಂದು ಅವಳು ಬರೆದ ಅರ್ಜಿಗೆ, ಅಂಥ ವಸ್ತು ಅನುಮೋದಿತ ಪಟ್ಟಿಯಲ್ಲಿಲ್ಲ ಎಂಬ ಒಂದು ಸಾಲಿನ ಉತ್ತರ ಬಂದಾಗ, ಅವಳು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಳು. ಅಪ್ಪ ಕಾಗದ ಓದಿ, "ಅದೇನು ಮಹಾ, ಪೈಪು ಇಳಿಸೋದು ತಾನೇ?" ಅಂದ. ನಾಲ್ಕು ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಕಟ್ಟಿ ತೆಪ್ಪ ಮಾಡಿದ. ಮೂರು ಭಾನುವಾರ ಅಪ್ಪ ಮಗಳು ಇಬ್ಬರೂ ಕೆರೆಯ ಮೇಲೆಯೇ ಇದ್ದರು. ಅವನು ಮರದ ಸುತ್ತಿಗೆಯಿಂದ ಮೆಲ್ಲಗೆ ಪೈಪು ಬಡಿದು ಇಳಿಸುವುದು, ಮೇಲಿನ ಬಾಯಿಗೆ ರಬ್ಬರ್ ಬಿರಡೆ ಜಡಿಯುವುದು, ಇಬ್ಬರೂ ಸೇರಿ ಉಸಿರು ಕಟ್ಟಿ ಎಳೆಯುವುದು. ಮೇಲೆ ಬಂದ ಕೂಡಲೇ ಮೇಲ್ತುದಿಗೆ ಕೆಂಪು ಬಣ್ಣ ಬಳಿದು, ಪಕ್ಕದಲ್ಲಿ ತನ್ನ ದಪ್ಪ ಅಕ್ಷರದಲ್ಲಿ ಸಂಖ್ಯೆ ಬರೆಯುತ್ತಿದ್ದ. ಸಾಗಿಸುವಾಗ ಒಂದು ಪೈಪನ್ನೂ ತಲೆಕೆಳಗು ಮಾಡಗೊಡಲಿಲ್ಲ.

ಅಪ್ಪನಿಗೆ ಅವನದೇ ಒಂದು ಹಠವಿತ್ತು. ಆ ಕೆರೆಯ ಸುತ್ತ ಹಗಲಲ್ಲೂ ಬಿಸಿಲು ನೆಲಕ್ಕೆ ಬೀಳದಂಥ ಕಾಡಿತ್ತು ಎಂದು ಅವನ ಅಜ್ಜಿ ಹೇಳುತ್ತಿದ್ದಳಂತೆ. ಅವನು ಅದನ್ನು ಕಚೇರಿಯಲ್ಲಿ ಹೇಳಿದಾಗಲೆಲ್ಲ ನಕ್ಕವರೇ ಹೆಚ್ಚು. ಊರಾಡಳಿತದ ಕಡತದಲ್ಲಿ ಆ ಜಾಗ ಮೊದಲಿನಿಂದಲೂ ಬಂಜರು ಎಂದು ಬರೆದಿತ್ತು. ಬಂಜರು ಎಂದು ಬರೆದರೆ ಅಲ್ಲಿ ಏನು ಬೇಕಾದರೂ ಕಟ್ಟಬಹುದಲ್ಲ. ಅಜ್ಜಿ ಹೇಳಿದ್ದು ನಿಜವೋ ಕಡತ ಹೇಳಿದ್ದು ನಿಜವೋ, ಅದು ತಿಳಿಯುವವರೆಗೆ ಸಾಯುವುದಿಲ್ಲ ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಅದು ತಮಾಷೆಯಾಗಿದ್ದುದು ಅವನ ಎದೆ ಗಟ್ಟಿಯಿದ್ದಾಗ.

ಮಣ್ಣು ಬಂತು. ಆದರೆ ಅದನ್ನು ಓದಲು ಆಸಿಡ್ ಬೇಕು. ಮರಳಿನ ಕಣಗಳನ್ನು ಕರಗಿಸಿ ಪರಾಗವನ್ನಷ್ಟೇ ಉಳಿಸುವ ಆ ಆಸಿಡ್ಡಿನ ಹೊಗೆ ಕುಡಿದರೆ ಪುಪ್ಪುಸ ಸುಟ್ಟುಹೋಗುತ್ತದೆ, ಕೈಗೆ ತಾಕಿದರೆ ಮೂಳೆಗೆ ಇಳಿಯುತ್ತದೆ. ಹೊಗೆಯನ್ನು ಹೊರಗೆಳೆದು ಹಾಕುವ ಗಾಜಿನ ಬಾಗಿಲಿನ ಬೀರುವೊಂದು ಇಲ್ಲದೆ ಸೀಸೆಯ ಮುಚ್ಚಳ ತೆಗೆಯುವಂತಿಲ್ಲ. ಅದಕ್ಕೆ ಎಲ್ಲರೂ ಹುಡ್ ಎನ್ನುತ್ತಿದ್ದರು. ಇಲ್ಲ ಅಂತ ಹೇಳುವ ಹಾಗಿಲ್ಲ, ವಿಶ್ವವಿದ್ಯಾಲಯ ಹುಡ್ ತರಿಸಿತ್ತು. ಅದು ಮರದ ಪೆಟ್ಟಿಗೆಯೊಳಗೆ ವಿಭಾಗದ ಪಡಸಾಲೆಯಲ್ಲಿ ಕೂತಿತ್ತು. ಕೋಣೆ ಸಿದ್ಧವಾಗಬೇಕು, ಗೋಡೆಗೆ ಒಂದು ರಂಧ್ರ ಹೊಡೆಯಬೇಕು, ಅಷ್ಟಾದರೆ ಆಯಿತು ಎಂದಿದ್ದರು.

ಈ ಹೊತ್ತಿನಲ್ಲೇ ಸ್ಟೋರ್ ಕೀಪರ್ ಬಂದದ್ದು. ಅವನಂಥ ಪ್ರಾಮಾಣಿಕ ಮನುಷ್ಯ ಆ ಆವರಣದಲ್ಲಿ ಇನ್ನೊಬ್ಬನಿರಲಿಲ್ಲ. ಒಂದು ಗುಂಡುಸೂಜಿಯೂ ಅವನ ದಾಸ್ತಾನು ಪುಸ್ತಕ ದಾಟಿ ಹೋಗುತ್ತಿರಲಿಲ್ಲ. ಪುಸ್ತಕದಲ್ಲಿಲ್ಲದ ವಸ್ತು ವಿಭಾಗದಲ್ಲಿರುವ ಹಾಗಿಲ್ಲ, ತಪಾಸಣೆಯವರು ಬಂದರೆ ಎತ್ತಿ ಹೊರಗೆ ಹಾಕುತ್ತಾರೆ ಎಂದು ಅವನು ತಲೆ ಕೆರೆದುಕೊಂಡು ಪೈಪುಗಳ ಮುಂದೆ ನಿಂತ. ಕೆರೆಯಿಂದ ತಂದ ಮಣ್ಣನ್ನು ಪುಸ್ತಕಕ್ಕೆ ಏರಿಸುವುದು ಹೇಗೆ ಎಂದು ಅವಳು ನಕ್ಕಳು. ಅವನು ನಗಲಿಲ್ಲ. ಅವನ ಪುಸ್ತಕದಲ್ಲಿ ನಾಲ್ಕೇ ಶೀರ್ಷಿಕೆಗಳು: ಯಂತ್ರ, ಪೀಠೋಪಕರಣ, ಗ್ರಂಥ, ಬಳಸಿ ಮುಗಿಯುವ ಸಾಮಾನು. ಮಣ್ಣು ಯಂತ್ರವಲ್ಲ, ಕುರ್ಚಿಯಲ್ಲ. ಗ್ರಂಥ ಎಂದು ಹಾಕಿ ಎಂದಳು ಅವಳು, ಓದುವುದಕ್ಕೇ ತಂದದ್ದು ಅಂತ. ಅದಕ್ಕೆ ಗ್ರಂಥಪಾಲಕರು ಒಪ್ಪುವುದಿಲ್ಲ ಎಂದು ಅವನು ಗಂಭೀರವಾಗಿಯೇ ಹೇಳಿದ. ಕೊನೆಗೆ ಬಳಸಿ ಮುಗಿಯುವ ಸಾಮಾನು ಎಂಬ ಪುಟದಲ್ಲಿ, ಹತ್ತಿ ಮತ್ತು ಸೋಸುಕಾಗದದ ಕೆಳಗೆ, 'ಮಣ್ಣು, ಪೈಪಿನಲ್ಲಿ, 38' ಎಂದು ಬರೆದು ಅವಳ ಸಹಿ ಹಾಕಿಸಿಕೊಂಡ.

ಹೊರಡುವಾಗ ಅವನು ಒಂದು ಮಾತು ಹೇಳಿದ. "ಈ ಪುಟದ್ದಕ್ಕೆ ಐದೇ ವರ್ಷ ಆಯಸ್ಸು ಮೇಡಂ. ಅಷ್ಟರೊಳಗೆ ಬಳಸಿಬಿಡಿ."

"ಐದು ವರ್ಷ ಯಾರು ಕಾಯ್ತಾರೆ? ಆರು ತಿಂಗಳು ಸಾಕು ನಂಗೆ," ಅಂದಳು ಅವಳು.

ಆರು ತಿಂಗಳಂತೆ! ಆ ಮಾತಾಡುವಾಗ ಅವಳಿಗೆ ಮೂವತ್ತೊಂಬತ್ತು ವರ್ಷ, ವಯಸ್ಸಿಗೆ ತಕ್ಕ ಬುದ್ಧಿ ಇರಬೇಕಿತ್ತು ಎಂದು ಯಾರಾದರೂ ಹೇಳಬಹುದು. ಆದರೆ ಹುಡ್ ಪೆಟ್ಟಿಗೆ ಕಣ್ಣೆದುರೇ ಇತ್ತು. ಗೋಡೆ ಕಣ್ಣೆದುರೇ ಇತ್ತು. ನಡುವೆ ಬೇಕಾದದ್ದು ಒಂದು ಅಂಗೈ ಅಗಲದ ರಂಧ್ರ.

ಆ ರಂಧ್ರಕ್ಕಾಗಿ ಅವಳು ಚಪ್ಪಲಿ ಸವೆಸಿದಳು. ಕಟ್ಟಡ ವಿಭಾಗದವರು, ಗುತ್ತಿಗೆದಾರರ ಹೊಣೆಯ ಅವಧಿ ಮುಗಿಯುವವರೆಗೆ ಗೋಡೆ ಮುಟ್ಟುವಂತಿಲ್ಲ ಎಂದರು. ಅವಧಿ ಮುಗಿದ ಮೇಲೆ, ರಂಧ್ರ ಹೊಡೆಯುವುದು ದುರಸ್ತಿಯೋ ಹೊಸ ಕಾಮಗಾರಿಯೋ ಎಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆಯನ್ನು ಹೊತ್ತ ಕಡತ ಒಂದು ಮಹಡಿಯಿಂದ ಇನ್ನೊಂದು ಮಹಡಿಗೆ ಹೋಗಿ, ಅಲ್ಲಿ ಯಾರೋ ವರ್ಗವಾಗಿ, ಇನ್ನಾರೋ ಬಂದು, ಮೊದಲಿನಿಂದ ಓದಿದರು. ಅಪ್ಪ ಕೇಳಿ ಕೇಳಿ ರೋಸಿಹೋಗಿ, ನನ್ನ ಉಳಿ ಸುತ್ತಿಗೆ ಕೊಡು, ಅರ್ಧ ಗಂಟೆಯಲ್ಲಿ ಹೊಡೆದು ಬರುತ್ತೇನೆ ಎಂದು ಎದ್ದು ನಿಂತಿದ್ದ. ಅವಳೂ ಒಂದು ದಿನ ಧೈರ್ಯ ಮಾಡಿ ಹಾಗೆಂದು ಅರ್ಜಿ ಬರೆದಳು. ಹೊರಗಿನವರು ಕಟ್ಟಡಕ್ಕೆ ಕೈ ಹಚ್ಚುವುದು ಶಿಸ್ತುಕ್ರಮಕ್ಕೆ ಕಾರಣವಾಗುತ್ತದೆ ಎಂದು ಉತ್ತರ ಬಂತು. ಮೂರು ವರ್ಷದಲ್ಲಿ ಬೇಗ ಬಂದ ಉತ್ತರ ಅದೊಂದೇ.

ಬೇರೆ ದಾರಿ ನೋಡಲಿಲ್ಲ ಅಂತಲ್ಲ. ದೂರದ ದೇಶದ ಒಬ್ಬ ಪ್ರಾಧ್ಯಾಪಕ, ಅವಳ ಕಾಗದ ಓದಿ ಖುಷಿಯಾಗಿ, ಎರಡು ಪೈಪು ಕಳಿಸಿ, ನನ್ನ ಪ್ರಯೋಗಾಲಯದಲ್ಲಿ ಮಾಡಿಕೊಡುತ್ತೇನೆ ಎಂದ. ನೆಲದ ಮಣ್ಣು ಹೊರದೇಶಕ್ಕೆ ಹೋಗಲು ಕುಲಸಚಿವರ ಒಪ್ಪಿಗೆ ಪತ್ರ ಬೇಕು. ಪತ್ರ ಹದಿನಾಲ್ಕು ತಿಂಗಳ ಮೇಲೆ ಬಂತು. ಅಷ್ಟರಲ್ಲಿ ಆ ಪುಣ್ಯಾತ್ಮ ನಿವೃತ್ತನಾಗಿದ್ದ, ಅವನ ಪ್ರಯೋಗಾಲಯವನ್ನು ಬೇರೆಯವರಿಗೆ ಕೊಟ್ಟಿದ್ದರು. ಗ್ರಂಥಾಲಯಕ್ಕೆ ಬರುತ್ತಿದ್ದ ಒಂದೇ ಒಂದು ಪತ್ರಿಕೆಯೂ ನಿಂತುಹೋಗಿತ್ತು. ಬೇಕಾದ ಲೇಖನವನ್ನು ಬರೆದವರಿಗೇ ಕಾಗದ ಹಾಕಿ ಬೇಡಿ ತರಿಸಿಕೊಳ್ಳುತ್ತಿದ್ದಳು. ಓದುವುದಕ್ಕೆ ಬಿಡುವು ಎಲ್ಲಿ? ಬೆಳಗ್ಗೆಯಿಂದ ಐದು ತರಗತಿ, ಆಮೇಲೆ ಉತ್ತರಪತ್ರಿಕೆ, ಆಮೇಲೆ ಶಿಸ್ತು ಸಮಿತಿ, ಕ್ರೀಡಾ ಸಮಿತಿ, ನೀರಿನ ಟ್ಯಾಂಕಿ ತೊಳೆಸುವ ಸಮಿತಿ. ವಿಭಾಗದ ಮುಖ್ಯಸ್ಥರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬಲಿಲ್ಲ. ಪ್ರಭಾರ ಎಂದು ಅವಳ ತಲೆಗೆ ಕಟ್ಟಿದರು. ಬರುವ ಕಾಗದಗಳಿಗೆಲ್ಲ ಸಹಿ ಹಾಕುವುದು ಅಂದಿನಿಂದ ಅವಳ ಪಾಲಿಗೆ ಬಂತು.

ನಾಲ್ಕನೆಯ ವರ್ಷ ಊರಾಡಳಿತ ಕೆರೆ ಮುಚ್ಚಿಸಿತು. ಲಾರಿಗಟ್ಟಲೆ ಕಲ್ಲು ಸುರಿದು, ರೋಲರ್ ಓಡಿಸಿ, ಮೇಲೆ ಕಾಂಕ್ರೀಟು ಹಾಕಿ ಬಸ್ ನಿಲ್ದಾಣ ಕಟ್ಟಿದರು. ಅಪ್ಪ ಕೋಲೂರಿಕೊಂಡು ಹೋಗಿ ಒಂದಿಡೀ ಮಧ್ಯಾಹ್ನ ನೋಡುತ್ತಾ ನಿಂತು ಬಂದ. ಮನೆಗೆ ಬಂದವನು ಹೇಳಿದ್ದು ಇಷ್ಟೇ: "ಇನ್ನು ಆ ಕೆರೆ ಇರೋದು ನಿನ್ನ ಹಿಂದಿನ ರೂಮಲ್ಲಿ ಮಾತ್ರ. ಹುಷಾರು." ಮಗಳು ಹೂಂ ಅಂದಳು. ಅವತ್ತಿನಿಂದ ಅಪ್ಪ ಸಂಜೆ ಅವಳು ಚಪ್ಪಲಿ ಬಿಡುವ ಹೊತ್ತಿಗೆ ಸರಿಯಾಗಿ, ಪೈಪು ಬಿಚ್ಚಿದ್ಯಾ ಎಂದು ಕೇಳತೊಡಗಿದ. ಗಂಡನ ಊರಿನಿಂದ ಬಂದಾಗ ಅವಳ ಅಕ್ಕ, ನಿಮ್ಮಿಬ್ಬರಿಗೂ ಮಣ್ಣಿನ ಹುಚ್ಚು, ಒಬ್ಬರಿಗೆ ಔಷಧಿ ಕೊಟ್ಟರೆ ಇನ್ನೊಬ್ಬರಿಗೆ ಕೊಡದೆ ಪ್ರಯೋಜನವಿಲ್ಲ ಎಂದು ಛೇಡಿಸುತ್ತಿದ್ದಳು. ಅಪ್ಪ ನಗುತ್ತಿದ್ದ, ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮು ಬಂದರೆ ಬೇಗ ನಿಲ್ಲುತ್ತಿರಲಿಲ್ಲ.

ಆರನೆಯ ವರ್ಷ ಪರಿಶೀಲನಾ ಸಮಿತಿ ಬರುತ್ತದೆ ಎಂದು ಸುತ್ತೋಲೆ ಬಂತು. ಐದು ಜನ ತಜ್ಞರು ಬಂದು, ಎಲ್ಲ ನೋಡಿ, ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡುತ್ತಾರೆ. ದರ್ಜೆ ಬಂದರೆ ಎಲ್ಲ ಬರುತ್ತದೆ, ಬರದಿದ್ದರೆ ಬಾಗಿಲು ಹಾಕಿದ ಹಾಗೆ. ಆವರಣಕ್ಕೆ ಆವರಣವೇ ಎದ್ದು ಕೂತಿತು. ಆರು ವರ್ಷ ಅಲುಗಾಡದ ಕಡತ ಒಂದೇ ವಾರದಲ್ಲಿ ಸಹಿಯಾಯಿತು. ಪ್ರಯೋಗಾಲಯದಲ್ಲಿ ಹುಡ್ ಕಾಣಬೇಕು, ಕೂಡಲೇ ಕೂರಿಸಿ ಎಂದು ಕುಲಸಚಿವರು ಬರೆದರು. ದುರಸ್ತಿಯೋ ಹೊಸ ಕಾಮಗಾರಿಯೋ ಎಂದು ಒಬ್ಬನೂ ಕೇಳಲಿಲ್ಲ.

ಇನ್ನು ವರದಿ ಬರೆಯಬೇಕು. ಅದರಲ್ಲಿ ಸಂಶೋಧನೆ ಎಂಬ ಅಧ್ಯಾಯವೇ ದೊಡ್ಡದು. ಕನ್ನಡಕ ಹಾಕಿಕೊಂಡು ತಾಳ್ಮೆಯಿಂದ ಕೂತು ಬರೆಯುವವರು ಯಾರು ಎಂದು ಹುಡುಕಿದರೆ ಮತ್ತೆ ಕೆಸರು ಮೇಡಂ. ಎರಡು ತಿಂಗಳು ಆಡಳಿತ ಕಟ್ಟಡದ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ ಅವಳನ್ನು ಕೂರಿಸಿದರು. ಸಂಶೋಧನೆಗೆ ಇಲ್ಲಿರುವ ಅನುಕೂಲಗಳ ಬಗ್ಗೆ ಮುನ್ನೂರು ಪುಟ ಬರೆಯುವಾಗ, ತನ್ನ ವಿಭಾಗದ ಹೊಸ್ತಿಲು ತುಳಿಯಲು ಅವಳಿಗೆ ಪುರಸೊತ್ತಾಗಲಿಲ್ಲ. ನಗು ಬರುವ ಸಂಗತಿಯೇ, ಆದರೆ ಅವಳಿಗೆ ನಗಲೂ ಪುರಸೊತ್ತಿರಲಿಲ್ಲ. ನೂರಾ ಹನ್ನೆರಡನೆಯ ಪುಟದಲ್ಲಿ ಮಾತ್ರ ಅವಳು ಒಂದು ನಿಜವಾದ ವಾಕ್ಯ ಬರೆದಳು: ಈಗ ಇಲ್ಲವಾಗಿರುವ ಊರ ಕೆರೆಯ ತಳದ ಮಣ್ಣಿನ ಅಪರೂಪದ ಸಂಗ್ರಹ ನಮ್ಮಲ್ಲಿದೆ, ಜಗತ್ತಿನಲ್ಲಿ ಇದರ ಇನ್ನೊಂದು ಪ್ರತಿ ಇಲ್ಲ.

ಹುಡ್ ಕೂರಿಸುತ್ತಾರಂತೆ ಎಂದು ಹೇಳಿದ ದಿನ ಅಪ್ಪ ಹಾಸಿಗೆಯ ಮೇಲೆ ನೆಟ್ಟಗೆ ಎದ್ದು ಕೂತ. ಮೊದಲು ಯಾವ ಪೈಪು ಎಂದು ಕೇಳಿದ. ಅವಳಿನ್ನೂ ಯೋಚಿಸಿರಲಿಲ್ಲ.

"ಏಳನೇದು ಬಿಚ್ಚು. ಹಳೇ ತೂಬಿನ ಪಕ್ಕದ್ದು. ಅಲ್ಲಿ ಹೂಳು ಭಾರಿ ಮಂದ ಇತ್ತು, ನನ್ನ ರಟ್ಟೆ ಬಿದ್ದುಹೋಗಿತ್ತು." ಉಸಿರು ತೆಗೆದುಕೊಂಡು ಮತ್ತೆ ಹೇಳಿದ, "ಅಜ್ಜಿ ಮರ ಇದ್ರೆ ಅದರಲ್ಲೇ ಇರೋದು."

ಸಮಿತಿಯವರು ಹೋದ ಮಾರನೆಯ ದಿನವೇ ಏಳನೆಯದನ್ನು ಬಿಚ್ಚುತ್ತೇನೆ ಎಂದು ಅವಳು ಮಾತು ಕೊಟ್ಟಳು. ವೈದ್ಯರು ಅವಳನ್ನು ಹೊರಗೆ ಕರೆದು ಹೇಳಿದ ಮಾತು ಬೇರೆಯಿತ್ತು. ಅಪ್ಪನಿಗೆ ಹೆಚ್ಚೆಂದರೆ ನಾಲ್ಕೈದು ತಿಂಗಳು ಎಂದಿದ್ದರು. ನಾಲ್ಕು ತಿಂಗಳಲ್ಲಿ ಒಂದು ಪೈಪನ್ನಾದರೂ ಓದಿ ಮುಗಿಸಬಹುದು ಎಂದು ಅವಳು ಬೆರಳು ಮಡಚಿ ಲೆಕ್ಕ ಹಾಕಿಕೊಂಡಿದ್ದಳು.

ಸ್ಟೋರ್ ಕೀಪರ್ ಆ ಕಿಟಕಿಯಿಲ್ಲದ ಕೋಣೆಗೆ ಒಂದು ದಿನ ಕಾಗದದ ಕಟ್ಟು ಹಿಡಿದು ಬಂದಿದ್ದ. ಹಳೆಯ ಸಾಮಾನಿನ ವಿಲೇವಾರಿ ಪಟ್ಟಿ, ಸಮಿತಿ ಬರುವ ಮುಂಚೆ ಕೆಟ್ಟದ್ದು ಒಡೆದದ್ದು ಎಲ್ಲ ಖಾಲಿಯಾಗಬೇಕು, ಪ್ರಭಾರ ಮುಖ್ಯಸ್ಥರ ಸಹಿ ಬೇಕು. ಅರವತ್ತನಾಲ್ಕು ಹಾಳೆ. ಅವಳು ಆಗ ಕೋಷ್ಟಕವೊಂದರ ಅಂಕಿಗಳು ತಾಳೆಯಾಗದೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಅವನು ಪಾಪ, ಸುಮ್ಮನೆ ಮುಂದಿಟ್ಟು ಸಹಿ ಹಾಕಿಸಿಕೊಳ್ಳುವವನಲ್ಲ, ನಿಂತು ಓದಿದ: ಒಡೆದ ಬೀಕರು, ತುಕ್ಕು ಹಿಡಿದ ಸ್ಟ್ಯಾಂಡು, ಕಾಲು ಮುರಿದ ಸ್ಟೂಲು, ಅವಧಿ ಮುಗಿದ ಬಳಕೆ ಸಾಮಾನು ಒಂದು ಕಂತೆ. ಅವಳು ಒಂದೊಂದಕ್ಕೂ ಹೂಂ ಎನ್ನುತ್ತಾ ಸಹಿ ಹಾಕುತ್ತಾ ಹೋದಳು. ಹುಡ್ ಕೂರಿಸಲು ಜಾಗ ಬೇಕು, ಹಿಂದಿನ ಕೋಣೆ ಖಾಲಿ ಮಾಡಿಸಿಬಿಡಲೇ ಎಂದು ಅವನು ಬಾಗಿಲಲ್ಲಿ ನಿಂತು ಕೇಳಿದ. ಅಲ್ಲಿ ಮುರಿದ ಕುರ್ಚಿಗಳ ರಾಶಿಯಿತ್ತು, ಅವಳ ಕಣ್ಣ ಮುಂದೆ ಬಂದದ್ದು ಆ ರಾಶಿ. ತಲೆಯೆತ್ತದೆ, ಮಾಡಿಸಿ ಮಾಡಿಸಿ ಎಂದಳು.

ಸಮಿತಿ ಬಂದ ದಿನ ಪಡಸಾಲೆ ಗುರುತು ಸಿಗದ ಹಾಗಿತ್ತು. ಸುಣ್ಣ ಹೊಡೆದ ಗೋಡೆ, ಒರೆಸಿದ ಕಿಟಕಿ, ಎರಡೂ ಕಡೆ ಸಾಲಾಗಿ ಹೂಕುಂಡಗಳು. ಕುಂಡದ ಗಿಡಗಳು ಮಿರಮಿರ ಮಿಂಚುತ್ತಿದ್ದವು. ಮಾಲಿ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತು ಮದುವೆ ಮನೆಯ ಯಜಮಾನನ ಹಾಗೆ ನೋಡುತ್ತಿದ್ದ. ಅವಳು ವರದಿಯ ಪ್ರತಿಗಳನ್ನು ಎದೆಗವುಚಿಕೊಂಡು ಅವುಗಳ ಮಧ್ಯೆಯೇ ಹಾದುಹೋದಳು.

ಸಮಿತಿಯ ಐವರಲ್ಲಿ ಒಬ್ಬರು ವಯಸ್ಸಾದ ಹೆಂಗಸು, ನೆಲದ ಪದರಗಳನ್ನು ಓದುವುದರಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಉಳಿದ ನಾಲ್ವರು ವರದಿಯನ್ನು ತೂಕ ನೋಡಿ ಕೆಳಗಿಟ್ಟರೆ, ಇವರು ಅದನ್ನು ಓದಿಬಿಟ್ಟಿದ್ದರು. ನೂರಾ ಹನ್ನೆರಡನೆಯ ಪುಟಕ್ಕೆ ಚೀಟಿ ಸಿಕ್ಕಿಸಿಕೊಂಡು ಬಂದಿದ್ದರು. ಬೇರೆ ಏನೂ ಬೇಡ, ನನಗೆ ಆ ಕೆರೆ ಮಣ್ಣು ತೋರಿಸಿ ಎಂದರು. ಆರು ವರ್ಷದಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಕಣ್ಣು ತುಂಬಿಬಂತು. ನಾಚಿಕೆಯಾಗಿ ಮುಂದೆ ಮುಂದೆ ನಡೆದಳು. ಕುಲಸಚಿವರೂ ಸ್ಟೋರ್ ಕೀಪರೂ ಹಿಂದೆ ಬಂದರು.

ಕೋಣೆಯ ಬಾಗಿಲು ತೆಗೆದಳು. ಎದುರಿಗೆ ಹುಡ್ ನಿಂತಿತ್ತು. ಗಾಜಿನ ಬಾಗಿಲಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಇನ್ನೂ ಕಿತ್ತಿರಲಿಲ್ಲ. ಅದರ ಕೊಳವೆ ಮೇಲಕ್ಕೆ ಹೋಗಿ ಅಂಗೈ ಅಗಲದ ಒಂದು ಚೊಕ್ಕ ರಂಧ್ರದಲ್ಲಿ ಹೊರಗೆ ಹೋಗಿತ್ತು. ರ‍್ಯಾಕುಗಳಿದ್ದ ಜಾಗದಲ್ಲಿ ಅದು ಕೂತಿತ್ತು. ಅವಳು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ಕೋಣೆಯಲ್ಲಿ ಬೇರೇನೂ ಇರಲಿಲ್ಲ.

ಪೈಪುಗಳನ್ನು ಎಲ್ಲಿಟ್ಟಿದ್ದೀರಿ ಎಂದು ಸ್ಟೋರ್ ಕೀಪರನನ್ನು ಕೇಳಿದಳು. ಅವನಿಗೆ ಅವಳ ಮುಖ ನೋಡಿ ಗಾಬರಿಯಾಯಿತೇ ಹೊರತು ಪ್ರಶ್ನೆ ಅರ್ಥವಾಗಲಿಲ್ಲ. ಬಗಲಲ್ಲಿದ್ದ ಪುಸ್ತಕ ಬಿಚ್ಚಿ, ಹತ್ತಿಯ ಕೆಳಗಿನ ಸಾಲು ತೋರಿಸಿದ. ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿತ್ತು.

"ಅವಧಿ ಮುಗಿದಿತ್ತಲ್ಲ ಮೇಡಂ. ನೀವೇ ಸಹಿ ಹಾಕಿದ್ರಿ. ನೀವು ಬೇಡ ಅಂದಿದ್ರೆ ನಾನು ಮುಟ್ತಿದ್ನಾ?"

ಅವಳಿಗೆ ಮಣ್ಣು ಎಲ್ಲಿ ಹೋಯಿತು ಎಂದು ಕೇಳುವ ಧೈರ್ಯ ಬರಲಿಲ್ಲ, ಅದನ್ನು ಹಿರಿಯ ಹೆಂಗಸೇ ಕೇಳಿದರು. ಅವನು ಅದಕ್ಕೆ ಸಮಾಧಾನವಾಗಿಯೇ ಉತ್ತರ ಕೊಟ್ಟ. ಬೇರೆಯವರಾಗಿದ್ದರೆ ಚರಂಡಿಗೆ ಸುರಿಯುತ್ತಿದ್ದರು, ನಾನು ಹಾಗೆ ಮಾಡಲಿಲ್ಲ. ಮಾಲಿ ಕುಂಡಗಳಿಗೆ ಒಳ್ಳೆಯ ಮಣ್ಣು ಸಿಗುತ್ತಿಲ್ಲ ಎಂದು ಒದ್ದಾಡುತ್ತಿದ್ದ. ಮೇಡಂ ಅಷ್ಟು ಕಷ್ಟಪಟ್ಟು ತಂದ ಮಣ್ಣು, ಹಾಳಾಗಬಾರದು ಎಂದು ಅವನಿಗೆ ಕೊಟ್ಟೆ. ಮುಚ್ಚಳ ಬಿಚ್ಚಿ, ಎಲ್ಲವನ್ನೂ ಒಂದು ತೊಟ್ಟಿಗೆ ತಳ್ಳಿ, ಗೊಬ್ಬರ ಸೇರಿಸಿ ಕಲಸಿದೆವು. ಗಿಡಗಳು ಎಷ್ಟು ಚೆನ್ನಾಗಿ ಬಂದಿವೆ, ನೀವೇ ನೋಡಿದಿರಲ್ಲ ಎಂದ.

ಕುಲಸಚಿವರು ಸಣ್ಣಗೆ ಕೆಮ್ಮಿದರು. ಬೇರೆ ಕಟ್ಟಡದಲ್ಲಿ ಇನ್ನೂ ಸಂಗ್ರಹವಿದೆ ಎಂದು ಏನೋ ಹೇಳಹೊರಟರು, ಹಿರಿಯ ಹೆಂಗಸು ಅವರತ್ತ ನೋಡಲೂ ಇಲ್ಲ. ಆಕೆ ಅವಳ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಇನ್ನೊಂದ್ಸಲ ತೆಗೆಯೋಕೆ ಆಗಲ್ವಾ?"

"ಇಲ್ಲ ಮೇಡಂ. ಅಲ್ಲಿ ಬಸ್ ಸ್ಟ್ಯಾಂಡ್ ಇದೆ."

ಆಕೆ ಹೂಂ ಅಂದರು. ಕೈಯಲ್ಲಿದ್ದ ವರದಿಯಿಂದ ಚೀಟಿ ತೆಗೆದು, ಮಡಚಿ, ಚೀಲಕ್ಕೆ ಹಾಕಿಕೊಂಡರು.

ಎಲ್ಲರೂ ಚಹಾಕ್ಕೆ ಹೋಗುವಾಗ ಪಡಸಾಲೆಯಲ್ಲಿ ಸಮಿತಿಯ ಅಧ್ಯಕ್ಷರು ಕುಂಡಗಳ ಮುಂದೆ ನಿಂತು, ಈ ಹಸಿರು ಮೆಚ್ಚತಕ್ಕದ್ದು ಎಂದು ಟಿಪ್ಪಣಿ ಬರೆಸಿದರು. ಮಾಲಿ ನೆಲಕ್ಕೆ ಬಾಗಿ ನಮಸ್ಕರಿಸಿದ. ಅವಳು ಹಿಂದುಳಿದು, ಕುಕ್ಕರಗಾಲಲ್ಲಿ ಕೂತು ಒಂದು ಕುಂಡಕ್ಕೆ ಬೆರಳು ಚುಚ್ಚಿದಳು. ಕಪ್ಪು, ನುಣ್ಣಗೆ, ತಣ್ಣಗೆ. ತೆಪ್ಪದ ಮೇಲೆ ಅಪ್ಪ ಪೈಪು ಎಳೆದಾಗ ಬರುತ್ತಿದ್ದ ಅದೇ ವಾಸನೆ. ಸಾವಿರ ವರ್ಷದ ಮೇಲಿನದು ಕೆಳಗಿನದು ಎಲ್ಲ ಗೊಬ್ಬರದ ಜೊತೆ ಒಂದಾಗಿತ್ತು. ಕುಲಸಚಿವರು ವಾಪಸು ಬಂದು, ಹೀಗೆ ಕೂತರೆ ಹೇಗೆ, ಅವರನ್ನು ಊಟಕ್ಕೆ ಕರೆಯಬೇಕು, ಹೋಗಲಿ ಬಿಡಿ, ಮಣ್ಣಿಗೇನು ಬರಗಾಲವೇ ಎಂದರು. ಅವಳು ಎದ್ದು, ಬೆರಳನ್ನು ಸೆರಗಿಗೆ ಒರೆಸಿಕೊಂಡು ಊಟಕ್ಕೆ ಕರೆಯಲು ಹೋದಳು. ಸಿಟ್ಟು ಮಾಡಲೂ ಅವಳಿಗೆ ಯಾರೂ ಇರಲಿಲ್ಲ. ಯಾರ ಮೇಲೆ ಮಾಡುವುದು? ಅರವತ್ತನಾಲ್ಕು ಹಾಳೆಯಲ್ಲೂ ಇದ್ದದ್ದು ಅವಳ ಅಕ್ಷರ.

ಸಮಿತಿಯ ಕಾರುಗಳು ಹೋದ ಮೇಲೆ ಸ್ಟೋರ್ ಕೀಪರ್ ಅವಳನ್ನು ಹುಡುಕಿಕೊಂಡು ಬಂದ. ಅಷ್ಟು ಹೊತ್ತಿಗೆ ಯಾರೋ ಅವನಿಗೆ ವಿಷಯ ಬಿಡಿಸಿ ಹೇಳಿದ್ದರು. ಅವನ ಮುಖದಲ್ಲಿ ರಕ್ತವಿರಲಿಲ್ಲ. ಅವಳನ್ನು ಸ್ಟೋರಿಗೆ ಕರೆದುಕೊಂಡು ಹೋದ. ಮೂಲೆಯಲ್ಲಿ ಮೂವತ್ತೆಂಟು ಪೈಪುಗಳನ್ನು ಹಗ್ಗದಲ್ಲಿ ಬಿಗಿದು ನಿಲ್ಲಿಸಿದ್ದ. ಪ್ಲಾಸ್ಟಿಕ್ಕು ಗಟ್ಟಿಯಿತ್ತು, ಎಸೆಯಲು ಮನಸ್ಸು ಬರಲಿಲ್ಲವಂತೆ. ತಾನೇ ಕೂತು ಬ್ರಷ್ಷು ಹಾಕಿ, ಒಳಗೆ ಹೊರಗೆ ತೊಳೆದು ಒಣಗಿಸಿದ್ದ. ಹೊಸ ಸಾಲಿನಲ್ಲಿ ಪುಸ್ತಕಕ್ಕೂ ಏರಿಸಿದ್ದ.

ಅವಳು ಕಟ್ಟಿನಿಂದ ಏಳನೆಯ ಪೈಪನ್ನು ಎಳೆದುಕೊಂಡಳು. ಮನೆಗೆ ಒಯ್ಯುತ್ತೇನೆ ಎಂದಳು. ಅವನು ತಲೆ ತಗ್ಗಿಸಿ, ಬಹಳ ಸಂಕೋಚದಿಂದ, ಹೊರಗೆ ಒಯ್ಯಲು ಗೇಟ್ ಪಾಸ್ ಬೇಕಾಗುತ್ತದೆ ಮೇಡಂ ಎಂದು ಕಾಗದ ಮುಂದಿಟ್ಟ. ಅವಳು ಸಹಿ ಹಾಕಿದಳು. ಈ ಸಲ ಒಂದೊಂದು ಅಕ್ಷರವನ್ನೂ ಓದಿ ಹಾಕಿದಳು.

ಮನೆ ಮುಟ್ಟಿದಾಗ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅಪ್ಪ ಎರಡು ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದ. ಅವಳ ಕೈಯಲ್ಲಿ ಪೈಪು ಕಂಡದ್ದೇ ಅವನ ಮುಖ ಅರಳಿತು. ಏಳಲು ಹೋಗಿ, ಆಗದೆ, ಕೈ ಚಾಚಿದ. ಮಾರನೆಯ ದಿನದವರೆಗೂ ಕಾಯದೆ ಮಗಳು ಅವತ್ತೇ ಬಿಚ್ಚಿ, ತೋರಿಸಲು ತಂದಿದ್ದಾಳೆ ಎಂದುಕೊಂಡನೋ ಏನೋ. ದಾರಿಯುದ್ದಕ್ಕೂ ಅವಳು ಒಂದು ಸುಳ್ಳನ್ನು ಹೊಂದಿಸಿಕೊಂಡು ಬಂದಿದ್ದಳು: ಕಾಡಿತ್ತು ಅಪ್ಪ, ಅಜ್ಜಿ ಹೇಳಿದ್ದೇ ನಿಜ. ಯಾರಿಗೂ ಅದರಿಂದ ನಷ್ಟವಿರಲಿಲ್ಲ, ಸುಳ್ಳೆಂದು ತೋರಿಸಲು ಜಗತ್ತಿನಲ್ಲಿ ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ಪೈಪು ಅವನ ಕೈಗೆ ಕೊಡುವವರೆಗೂ ಅದನ್ನೇ ಹೇಳಬೇಕೆಂದಿದ್ದಳು.

ಕೈಗೆ ಬಂದ ಕೂಡಲೇ ಅದರಲ್ಲಿ ಭಾರವಿಲ್ಲದ್ದು ಅವನಿಗೆ ತಿಳಿಯಿತು. ನಲವತ್ತು ವರ್ಷ ಪೈಪು ಎತ್ತಿದ ಕೈಯಲ್ಲವೇ. ಪೈಪನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಮೊದಲು ಕೆಂಪು ಪಟ್ಟೆ ಸವರಿದ, ಆಮೇಲೆ ತಾನೇ ಬರೆದ ಏಳು. ಒಂದು ತುದಿಯನ್ನು ಕಣ್ಣಿಗೆ ಹಿಡಿದು, ಇನ್ನೊಂದನ್ನು ಕಿಟಕಿಗೆ ತಿರುಗಿಸಿದ. ಬಹಳ ಹೊತ್ತು ನೋಡಿದ. ಒಳಗೆ ಬೆರಳು ಹಾಕಿ ತಿರುವಿ, ಬೆರಳನ್ನು ನೋಡಿಕೊಂಡ.

"ತೊಳೆದಿದ್ದಾರೆ," ಅಂದ.

ಅವಳು ಹಾಸಿಗೆಯ ಅಂಚಿಗೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಐದು ವರ್ಷದ ಆಯಸ್ಸು, ಕಟ್ಟು ಕಾಗದ, ಹುಡ್ಡಿಗೆ ಜಾಗ, ಕುಂಡಗಳು. ಹೇಳುವಾಗ ಅಳು ಬರಲಿಲ್ಲ, ಅದೇ ಅವಳಿಗೆ ಆಶ್ಚರ್ಯ. ಅಪ್ಪ ಕಚೇರಿಯಲ್ಲಿ ದುಡಿದವನು, ಅಲ್ಲಿ ಏನೂ ತಾನಾಗಿಯೇ ನಡೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಸಹಿ ಯಾರದು?" ಎಂದು ಕೇಳಿದ.

"ನಂದೇ ಅಪ್ಪ."

ಅವನು ತಲೆದೂಗಿದ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವಳ ಭುಜ ಹಿಡಿದು ಹಾಸಿಗೆಯಿಂದಿಳಿದ. ಮೂರೇ ಹೆಜ್ಜೆ, ಅದಕ್ಕೆ ಎರಡು ಸಲ ನಿಂತ. ಪೈಪನ್ನು ಬಾಗಿಲ ಮೂಲೆಗೆ ಒರಗಿಸಿ ನಿಲ್ಲಿಸಿದ. ತಲೆಕೆಳಗಾಗಿ ನಿಂತಿದೆ ಎಂದು ಕಂಡು, ತಿರುಗಿಸಿ, ಕೆಂಪು ತುದಿ ಮೇಲೆ ಮಾಡಿ ಮತ್ತೆ ನಿಲ್ಲಿಸಿದ.

ವಿಶ್ವವಿದ್ಯಾಲಯಕ್ಕೆ ಒಳ್ಳೆಯ ದರ್ಜೆಯೇ ಬಂತು. ಪೈಪು ತಂದ ಮಾರನೆಯ ಸಂಜೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, ಅಭ್ಯಾಸದಂತೆ ಒಂದು ಗಳಿಗೆ ನಿಂತಳು. ಒಳಗಿನಿಂದ ಕೆಮ್ಮು ಕೇಳಿಸಿತು, ಪ್ರಶ್ನೆ ಬರಲಿಲ್ಲ. ಅಪ್ಪನಿಗೆ ಆಮೇಲೆ ಉಳಿದಿದ್ದ ಮೂರು ತಿಂಗಳಲ್ಲಿ ಒಂದು ಸಂಜೆಯೂ ಅದು ಬರಲಿಲ್ಲ.